ಪಹಣಿಯಲ್ಲಿ ಮನೆಯಾಕೆಯ ಹೆಸರು

ರಾಗಿ ಹೊಲದ ಕಳೆ ತೆಗೆಯುವವಳು ಅವಳು. ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟುವವಳೂ ಅವಳೇ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಯಾವ ಊರಿನ ಪಹಣಿ ತೆಗೆದರೂ ಹೆಂಗಸರ ಹೆಸರನ್ನು ಹುಡುಕಬೇಕು.

ನಮ್ಮೂರಲ್ಲಿ ಒಬ್ಬ ಹೆಣ್ಣುಮಗಳು ಗಂಡ ತೀರಿಹೋದ ಮೇಲೆ ಎರಡೂವರೆ ಎಕರೆ ತಾನೇ ಮಾಡಿಸ್ತಾ ಇದ್ದಾಳೆ. ಖಾತೆ ಇನ್ನೂ ಮಾವನ ಹೆಸರಲ್ಲಿದೆ, ಅವರು ಸತ್ತೇ ಇಪ್ಪತ್ತು ವರ್ಷ. ಪೌತಿ ಖಾತೆಗೆ ಹೋದರೆ ಮೈದುನರು ವಂಶವೃಕ್ಷಕ್ಕೆ ಕೊಂಕು ತೆಗೀತಾರೆ. ಹೊಲ ಅವಳದೇ ಅಂತ ಊರಿಗೆಲ್ಲ ಗೊತ್ತು, ಬೆಳೆಸಾಲಕ್ಕೆ ಬೇಕಾಗೋದು ಪಹಣಿ.

ಕಾಯಿದೆ ಇಲ್ಲ ಅಂತಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಬಂದು, ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಒಂದಿಷ್ಟು ಕೊಟ್ಟಿತ್ತು. 1994ರಲ್ಲಿ ಕರ್ನಾಟಕ ಸರ್ಕಾರ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಬಂತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ಪಾರಿಖತ್ತನ್ನು ಮಾತ್ರ ಇದರ ಮೇಲೆ ಕೆದಕುವಂತಿಲ್ಲ.

ಹೆಂಡತಿಯ ವಿಷಯ ಬೇರೆ. ಗಂಡ ಉಯಿಲು ಬರೆಯದೆ ಸತ್ತರೆ ಅವನ ಸ್ವಂತ ಸಂಪಾದನೆಯ ಜಮೀನಿನಲ್ಲಿ ಹೆಂಡತಿ, ಮಕ್ಕಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮಪಾಲು. ಆಮೇಲೆ ಅವಳು ಪ್ರತಿಯೊಂದಕ್ಕೂ ಎಲ್ಲರ ಸಹಿಗೆ ಕಾಯಬೇಕು.

ಹೋದ ಬೇಸಿಗೆಯಲ್ಲಿ ನಾನು ಉಯಿಲು ಬರೆಸಿದೆ. ನಮಗಿರೋದು 4 ಎಕರೆ, ಅದರಲ್ಲಿ ನಾನು ಕೊಂಡದ್ದು 1 ಎಕರೆ 20 ಗುಂಟೆ. ಇದಿಷ್ಟು ಮನೆಯಾಕೆಗೆ ಅಂದೆ. ಪತ್ರ ಬರೆಯುವವರು ರೂಢಿಯಂತೆ ‘ಜೀವಿತ ಕಾಲದವರೆಗೆ ಅನುಭವಿಸಿಕೊಂಡು, ತದನಂತರ ಗಂಡುಮಕ್ಕಳಿಗೆ ಸೇರತಕ್ಕದ್ದು’ ಅಂತ ಬರೆದು ಓದಿದರು. ನಮ್ಮಾಕೆ ಅಲ್ಲೇ ಕೇಳಿದಳು: “ಅಂದ್ರೆ ಕಾಯಿಲೆ ಕಸಾಲೆ ಬಂದ್ರೆ ಒಂದ್ ಗುಂಟೆ ಮಾರಂಗಿಲ್ವಾ? ಅಂಥ ಹೊಲ ನನಗ್ಯಾಕೆ?”

ಅವಳು ಕೇಳಿದ್ದು ಸರಿ. ಹಾಗೆ ಬರೆದರೆ ಉಣ್ಣೋ ಹಕ್ಕು ಬರುತ್ತೆ, ಮಾರೋ ಹಕ್ಕು ಬರಲ್ಲ. ‘ಸಂಪೂರ್ಣ ಹಕ್ಕಿನಿಂದ’ ಎಂದು ತಿದ್ದಿಸಿದೆವು. ನೀವು ಬರೆಸುವಾಗ ಈ ಒಂದು ಸಾಲನ್ನು ಎರಡು ಸಲ ಓದಿಸಿ.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಎದುರಿಗೆ ನೀವು ಸಹಿ ಹಾಕಬೇಕು, ಅವರೂ ಹಾಕಬೇಕು. ಪಾಲು ಸಿಗುವವರು ಸಾಕ್ಷಿ ಆಗದಿರೋದು ಒಳ್ಳೇದು. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಮ್ಮಿ. ಬದುಕಿರೋವರೆಗೆ ಬದಲಾಯಿಸಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಭಾಗಕ್ಕಷ್ಟೇ ಬರೆಯೋಕಾಗೋದು.

ನಮ್ಮ ಪಿತ್ರಾರ್ಜಿತ ಎರಡೂವರೆ ಎಕರೆ ಇನ್ನೂ ಇತ್ಯರ್ಥವಾಗಿಲ್ಲ. ಮಗಳ ಹತ್ತಿರ ಹಕ್ಕು ಖುಲಾಸೆಗೆ ಸಹಿ ಹಾಕಿಸು ಅಂತ ಗಂಡುಮಕ್ಕಳ ಒತ್ತಾಯ. ಪಾಲು ಕೇಳಿದರೆ ತವರು ತಪ್ಪುತ್ತೆ ಅನ್ನೋ ಹೆದರಿಕೆ ಅವಳಿಗೆ. ಹೆದರಿಸಿ ಸಹಿ ಹಾಕಿಸೋಕೆ ನಾನು ಒಪ್ಪಿಲ್ಲ. ರಾಗಿ ಕುಯ್ಲು ಮುಗಿದ ಮೇಲೆ ಎಲ್ಲರೂ ಕೂತು ಮಾತಾಡೋದು ಅಂತ ಇದೆ.