ಬೀಗದ ಕೈ ಯಾರ ಬಳಿ?

ನಮ್ಮ ಪತ್ರ, ಗುಟ್ಟು, ಟೆಲಿಫೋನ್ ನಂಬರುಗಳನ್ನು ಒಂದು ಕಂಪನಿಯ ವಶಕ್ಕೆ ಒಪ್ಪಿಸಿದೆವೆನ್ನಿ. ಅಲ್ಲಿಯ ಬೀಗ ಭದ್ರವೇ ಎಂದು ನೋಡುವವರಾರು?

2009ರಲ್ಲಿ ಕಳ್ಳರು ಅಮೆರಿಕದ ಟ್ವಿಟರ್ ಕಂಪನಿಯ (ಇಂದಿನ ಎಕ್ಸ್) ಗಣಕಗಳನ್ನು ಹೊಕ್ಕಿದ್ದರು. ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಕಟ್ಟಳೆ ವಿಧಿಸಿತು: ಬಳಕೆದಾರರ ಮಾಹಿತಿಯನ್ನು ಜೋಪಾನ ಮಾಡಬೇಕು, ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆಯಾಗಬೇಕು. ಕಾಗದದ ಮೇಲೆ ಎಲ್ಲವೂ ಸರಿ.

ಪೀಟರ್ ಝಾಟ್ಕೊ ಅಲ್ಲಿ ರಕ್ಷಣಾ ವಿಭಾಗದ ಮುಖ್ಯಸ್ಥರಾಗಿದ್ದವರು. 2022ರ ಜನವರಿಯಲ್ಲಿ ಕೆಲಸ ಹೋಯಿತು. ಜುಲೈಯಲ್ಲಿ ಅವರು ಸರ್ಕಾರಕ್ಕೆ ದೂರಿತ್ತರು. ಸಾವಿರಾರು ನೌಕರರ ಕೈಯಲ್ಲಿ ಬೀಗದ ಕೈಯಿದೆ, ಯಾರು ಏನನ್ನು ತೆರೆದರೆಂಬ ದಾಖಲೆ ಸರಿಯಾಗಿಲ್ಲ, ಅರ್ಧದಷ್ಟು ಸರ್ವರುಗಳಲ್ಲಿ ಹಳೆಯ ತಂತ್ರಾಂಶವೇ ಉಳಿದಿದೆ ಎಂಬುದು ಆರೋಪ. ಕಂಪನಿ ಇದನ್ನು ಅಲ್ಲಗಳೆದು, ಕೆಲಸ ಸಾಲದೆಂದೇ ಅವರನ್ನು ತೆಗೆದೆವೆಂದಿತು. ಕೆಲಸ ಕಳೆದುಕೊಂಡವನ ಮಾತೆಂದು ತಳ್ಳಿಹಾಕುವುದೇನೋ ಸುಲಭ. ಆದರೆ ಒಳಮನೆಯ ಸ್ಥಿತಿ ಒಳಗಿದ್ದವನಿಗಲ್ಲದೆ ಇನ್ನಾರಿಗೆ ಗೊತ್ತಾದೀತು?

ಸೆಪ್ಟೆಂಬರ್ 13ರಂದು ಸೆನೆಟ್ ಸಮಿತಿಯ ಮುಂದೆ ಅವರು ಕಮಿಷನ್ನಿನ ಮೇಲೂ ತಪ್ಪು ಹೊರಿಸಿದರು: ಅದಕ್ಕೆ ಈ ಕೆಲಸ ನಿಭಾಯಿಸಲಾಗುತ್ತಿಲ್ಲ, ಕಂಪನಿಗಳು ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕಿಕೊಳ್ಳುತ್ತಿವೆ ಎಂದರು. ಭದ್ರತೆಗೆಂದು ಪಡೆದ ಟೆಲಿಫೋನ್ ನಂಬರುಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಆ ಮೇ ತಿಂಗಳಲ್ಲಷ್ಟೇ ಟ್ವಿಟರಿಗೆ 15 ಕೋಟಿ ಡಾಲರ್ ದಂಡ ಬಿದ್ದಿತ್ತು. ಒಂದು ಸಲ ತೆತ್ತು ಮುಗಿಸುವ ದಂಡಕ್ಕೆ ಕಂಪನಿ ಅಷ್ಟಾಗಿ ಅಂಜುತ್ತಿರಲಿಲ್ಲವಂತೆ. ಅದು ಹೆಚ್ಚು ಅಂಜಿದ್ದು ಫ್ರಾನ್ಸಿನ ಅಧಿಕಾರಿಗಳಿಗಂತೆ.