ಬಂಗಲೆಯ ಹಳೆಯ ಅಗ್ಗಿಷ್ಟಿಕೆ: ಬೆಂಕಿ ಹಾಕುವ ಮುನ್ನ

ಮುಂಗಾರು ಹಿಡಿದು ನಾಲ್ಕು ದಿನ ಬಿಸಿಲು ಕಾಣದಾದಾಗ, ಹಜಾರದ ಗೋಡೆಯಲ್ಲಿ ವರ್ಷಗಟ್ಟಲೆಯಿಂದ ತಣ್ಣಗಿರುವ ಅಗ್ಗಿಷ್ಟಿಕೆಯ ನೆನಪು ಅನೇಕ ಸದಸ್ಯರಿಗೆ ಆಗುತ್ತದೆ. ತೋಟದ ಮನೆಗಳಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುವ ಹೋಂಸ್ಟೇ ಪದ್ಧತಿ ಬಂದಮೇಲಂತೂ ಈ ಬಗ್ಗೆ ವಿಚಾರಿಸುವವರು ಹೆಚ್ಚಿದ್ದಾರೆ. ಆದುದರಿಂದ ಈ ನಾಲ್ಕು ಮಾತು.

ಮಲೆನಾಡಿನ ನಮ್ಮ ಹಿರಿಯರ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೆ ಏರಿ ಹಂಚಿನ ಸಂದಿಗಳಲ್ಲಿ ಹೊರಬೀಳುತ್ತಿತ್ತು. ಗೋಡೆಯೊಳಗಿನ ಅಗ್ಗಿಷ್ಟಿಕೆ 19ನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳ ಬಂಗಲೆಗಳೊಡನೆ ಬಂದದ್ದು. ಇದರಲ್ಲಿ ಹೊಗೆಗೆ ಇರುವುದು ಒಂದೇ ದಾರಿ. ಅದು ಕಟ್ಟಿದರೆ ಹೊಗೆ ಕೋಣೆಗೇ ಬರಬೇಕು.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುತ್ತೇವೆ. ಒಂದು ಆಷಾಢದ ಸಂಜೆ ಏನನ್ನೂ ಪರೀಕ್ಷಿಸದೆ ಬೆಂಕಿ ಹಾಕಿದೆವು. ಮೊದಲು ಸ್ವಲ್ಪ ಹೊಗೆ ತಿರುಗಿ ಬಂತು. ಕೆಂಡವಾದಮೇಲೆ ಅದೂ ನಿಂತಿತು. ಚಳಿಯೆಂದು ಬಾಗಿಲು ಕಿಟಕಿ ಭದ್ರಪಡಿಸಿದೆವು. ತಾಸು ಕಳೆಯುವುದರೊಳಗೆ ತಾಯಿಯವರಿಗೆ ತಲೆನೋವು, ವಾಕರಿಕೆ, ಎದ್ದು ನಿಲ್ಲಲಾಗಲಿಲ್ಲ. ಜಗಲಿಗೆ ಕರೆತಂದಮೇಲೆ ಚೇತರಿಸಿಕೊಂಡರು. ಮರುದಿನ ಮಾಡು ಹತ್ತಿಸಿ ನೋಡಿಸಿದರೆ ಹೊಗೆಗೂಡಿನ ಮುಕ್ಕಾಲು ಪಾಲು ಹಕ್ಕಿಗೂಡಿನ ಕಡ್ಡಿಗಳಿಂದ ತುಂಬಿತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದುದೇ ನಮಗೆ ಮೋಸವಾಯಿತು. ಎಲ್ಲರೂ ಅಲ್ಲಿಯೇ ಮಲಗಿದ್ದರೆ ಏನಾಗುತ್ತಿತ್ತೋ ಹೇಳಬೇಕಾಗಿಲ್ಲ.

ಶುಚಿ ಮತ್ತು ದುರಸ್ತಿ

ಈ ಕೆಲಸ ಬೇಸಿಗೆಯಲ್ಲಿಯೇ ಮುಗಿಯಬೇಕು. ಜೇನು ಕಟ್ಟಿದ್ದರೆ ಕೆಳಗಿನಿಂದ ಬೆಂಕಿ ಹಾಕಿ ಓಡಿಸಬಾರದು. ಮೇಣಕ್ಕೆ ಉರಿ ಹತ್ತುತ್ತದೆ. ಜೇನು ಬಿಡಿಸಬಲ್ಲವರನ್ನು ಕರೆಸಿರಿ. ನಂತರ ಬಿದಿರು ಗಳುವಿನ ತುದಿಗೆ ಗಟ್ಟಿ ಕುಂಚ ಕಟ್ಟಿ ಮೇಲಿನಿಂದ ಕೆಳಕ್ಕೆ ಉಜ್ಜಿಸಬೇಕು. ಹಸಿ ಸೌದೆಯ ಹೊಗೆ ತಣ್ಣನೆಯ ಗೋಡೆಗೆ ತಾಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಇದೇ ಕ್ರಿಯೋಸೋಟ್. ಇದಕ್ಕೆ ಬೆಂಕಿ ತಗುಲಿದರೆ ಹೊಗೆಗೂಡೇ ಕುಲುಮೆಯಂತೆ ಭೋರ್ಗರೆಯುತ್ತದೆ.

ಅಟ್ಟದೊಳಗೆ ದೀಪ ಹಿಡಿದು ಇಟ್ಟಿಗೆಯ ಸಂದುಗಳನ್ನು ನೋಡಿರಿ. ಬಿರುಕಿನ ಸುತ್ತ ಮಸಿ ಕಂಡರೆ ಅಲ್ಲಿ ಹೊಗೆ ಸೋರಿದೆಯೆಂದೇ ಅರ್ಥ. ತೊಲೆಯ ತುದಿ ಹೊಗೆಗೂಡಿನ ಗೋಡೆಯೊಳಗೆ ಹೊಕ್ಕಿದ್ದರೆ ಅದನ್ನು ಸರಿಪಡಿಸುವವರೆಗೆ ಬೆಂಕಿಯ ಮಾತೇ ಬೇಡ. ಮರಕ್ಕೂ ಹೊಗೆಗೂಡಿಗೂ ಕನಿಷ್ಠ 2 ಅಂಗುಲ ಅಂತರವಿರಬೇಕು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಹೊಂದುತ್ತದೆ. ಬರೀ ಸಿಮೆಂಟು ಮೆತ್ತಿದರೆ ಶಾಖಕ್ಕೆ ಬಿರಿಯುತ್ತದೆ. ಹೊಗೆಗೂಡಿನ ತಲೆ, 10 ಅಡಿಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿದ್ದರೆ ಗಾಳಿಗೆ ಹೊಗೆ ಮರಳುವುದು ಕಡಮೆ. ತಲೆಯ ಮೇಲೆ ನಾಲ್ಕು ಕಂಬ ನಿಲ್ಲಿಸಿ ಕಲ್ಲು ಹಾಸಿ, ಸುತ್ತ ತಂತಿ ಬಲೆ ಕಟ್ಟಿದರೆ ಮಳೆ, ಹಕ್ಕಿ ಎರಡನ್ನೂ ತಡೆಯಬಹುದು.

ಸೌದೆ

ಮರಗಸಿಯಲ್ಲಿ ಬಿದ್ದ ಕೊಂಬೆಗಳನ್ನು ಅದೇ ಮಳೆಗಾಲದಲ್ಲಿ ಸುಡುವುದು ಎಲ್ಲರೂ ಮಾಡುವ ತಪ್ಪು. ಸೌದೆಯನ್ನು ಸೀಳಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಒಂದು ವರ್ಷ ಒಣಗಿಸಿರಿ. ತೇವ ನೂರಕ್ಕೆ 20ಕ್ಕಿಂತ ಕಡಮೆಯಿರಬೇಕು. ಆದರೆ ಬೋರರ್ ಹಿಡಿದ ಅರೇಬಿಕಾ ಗಿಡವನ್ನು ಎಂದೂ ಹೀಗೆ ಕೂಡಿಡಬೇಡಿರಿ. ದುಂಬಿ ಅದರಿಂದಲೇ ಹೊರಬಂದು ತೋಟಕ್ಕೆ ಹರಡುತ್ತದೆ. ಕಿತ್ತ ಕೂಡಲೇ ಹೊರಗೆ ಸುಡತಕ್ಕದ್ದು. ಅಡಿಕೆ ಹಾಳೆ, ಒಣ ಸೋಗೆ ಭಗ್ಗನೆ ಉರಿದು ಕಿಡಿಯನ್ನು ಮೇಲಕ್ಕೆ ಒಯ್ಯುತ್ತವೆ; ಅವು ಬಚ್ಚಲ ಒಲೆಗಿರಲಿ. ಗೊಬ್ಬರದ ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಲಗೆಗಳನ್ನು ಹಾಕಲೇಬಾರದು.

ಮೊದಲ ಬೆಂಕಿ

ಮೊದಲು ಊದುಬತ್ತಿ ಹಚ್ಚಿ ಹೊಗೆಗೂಡಿನ ಬಾಯಿಗೆ ಹಿಡಿಯಿರಿ. ಹೊಗೆ ನೇರ ಮೇಲೇರಬೇಕು. ಏರದಿದ್ದರೆ ಒಂದು ಕಾಗದದ ಸುರುಳಿಯನ್ನು ಅಲ್ಲಿಯೇ ಉರಿಸಿ ಒಳಗಿನ ತಣ್ಣನೆಯ ಗಾಳಿಯನ್ನು ಬೆಚ್ಚಗೆ ಮಾಡಿ ನೋಡಿರಿ. ಆಗಲೂ ಏರದಿದ್ದರೆ ಬೆಂಕಿ ಹಾಕಬೇಡಿರಿ, ಎಲ್ಲಿಯೋ ತಡೆಯಿದೆ. ಹಳೆಯ ಗೋಡೆ ನೀರು ಕುಡಿದಿರುತ್ತದೆ. ಒಮ್ಮೆಗೇ ದೊಡ್ಡ ಬೆಂಕಿ ಹಾಕಿದರೆ ಆ ನೀರು ಆವಿಯಾಗಿ ಇಟ್ಟಿಗೆಯನ್ನು ಸೀಳುತ್ತದೆ. ಆದಕಾರಣ ಕೆಲವು ದಿನ ಸಣ್ಣ ಬೆಂಕಿಯೇ ಸಾಕು.

ಬೆಂಕಿಯಿರುವಷ್ಟು ಹೊತ್ತು ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಈ ವಿಷಾನಿಲವನ್ನು ಗುರುತಿಸಿ ಕೂಗುವ ಸಣ್ಣ ಯಂತ್ರ ಈಗ ದೊರೆಯುತ್ತದೆ. ಅತಿಥಿಗಳನ್ನು ಇಳಿಸಿಕೊಳ್ಳುವವರು ತಪ್ಪದೆ ಇಡಬೇಕು. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿನಲ್ಲಿ ಹೊರಗಿಟ್ಟು, ಪೂರ್ಣ ತಣಿದಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಬೂದಿಯನ್ನು ಯೂರಿಯಾದೊಡನೆ ಬೆರೆಸಬೇಡಿರಿ, ಸಾರಜನಕ ಗಾಳಿಪಾಲಾಗುತ್ತದೆ.

ಇಷ್ಟು ಮಾಡಿದಮೇಲೆ ನಮ್ಮ ಮನೆಯ ಅಗ್ಗಿಷ್ಟಿಕೆ ಪ್ರತಿ ಮಳೆಗಾಲವೂ ಉರಿಯುತ್ತಿದೆ. ತಾಯಿಯವರು ಅದರ ಮುಂದೆಯೇ ಕೂರುತ್ತಾರೆ. ಕೂರುವ ಮುಂಚೆ ಕಿಟಕಿ ತೆರೆದಿದೆಯೇ ಎಂದು ಮಾತ್ರ ತಾವೇ ನೋಡಿಕೊಳ್ಳುತ್ತಾರೆ.