ಕರುಳಬಳ್ಳಿ ಹಿಡಿದು ಕರುಳಿನೊಳಗೆ

ಸುಗ್ಗಿ ಮುಗಿದ ಮೇಲೆ ಯಲಬುರ್ಗಾ ಸೀಮೆಯ ಅಂಗಳಕ್ಕೆ ಹೆಳವ ಬಂದನೆಂದರೆ ಒಂದು ಮನೆತನವೇ ಎದ್ದು ಬಂದ ಹಾಗೆ! ನಿಮ್ಮ ಮುತ್ತಜ್ಜನ ಅಪ್ಪ ಯಾರು, ಯಾವ ಊರು ಬಿಟ್ಟು ಬಂದಿರಿ, ಯಾರ ಮಗಳನ್ನು ಯಾವ ಮನೆಗೆ ಕೊಟ್ಟಿರಿ, ಎಲ್ಲ ಒಪ್ಪಿಸಿ, ಒಂದಿಷ್ಟು ಜೋಳ ಪಡೆದು ಹೊರಟುಬಿಡುತ್ತಾನೆ. ಇದೇ ಹೆಳವನ ಕೆಲಸದಿಂದ ಕರುಳಿನ ಕ್ಯಾನ್ಸರಿನ ಗುಟ್ಟೊಂದು ಬಯಲಾಯಿತೆಂದರೆ ನಂಬುತ್ತೀರಾ?

1895, ಅಮೆರಿಕದ ಮಿಶಿಗನ್. ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ವೈದ್ಯ ಆಲ್ಡ್ರೆಡ್ ವಾರ್ಥಿನ್ ಬಳಿ ದುಃಖ ತೋಡಿಕೊಂಡಳು: ನಮ್ಮ ಮನೆಯವರೆಲ್ಲ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರಿಗೇ ಬಲಿ, ನಾನೂ ಹಾಗೇ ಹೋಗುವವಳು. ಹಾಗೇ ಹೋದಳು. ವಾರ್ಥಿನ್ ಸುಮ್ಮನಿರಲಿಲ್ಲ, ಅವಳ ವಂಶಾವಳಿ ಬರೆದು 1913ರಲ್ಲಿ ಪ್ರಕಟಿಸಿದ. ಆ ಜಾಡನ್ನು ಮುಂದೆ ಇನ್ನೊಬ್ಬ ವೈದ್ಯ ಹೆನ್ರಿ ಲಿಂಚ್ ಹಿಡಿದ. 1993ರಲ್ಲಿ ಮೂಲವೇ ಸಿಕ್ಕಿತು! ಇಂಥ ಮನೆತನಗಳಲ್ಲಿ ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವ ಜೀನ್ ಕೆಟ್ಟಿರುತ್ತದೆ. ಕರಡು ತಿದ್ದುವವನಿಗೇ ಕಣ್ಣು ಹೋದರೆ ಪುಸ್ತಕದ ಗತಿ? ಹೆತ್ತವರಲ್ಲೊಬ್ಬರಿಗೆ ಈ ದೋಷ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನೆಂಟಸ್ತನಕ್ಕೆ ಕರುಳಬಳ್ಳಿ ಎಂದು ಹೆಸರಿಟ್ಟವರು ಯಾರೋ, ಮೈ ಜುಮ್ಮೆನ್ನುತ್ತದೆ.

ಬಹುಪಾಲು ರೋಗಿಗಳಲ್ಲಿ ಇಂಥ ವಂಶದೋಷ ಇರುವುದಿಲ್ಲ, ನಿಜ. ಅಲ್ಲಿ ಇನ್ನೊಂದು ಸೋಜಿಗ. ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಏಳುವ ಪಾಲಿಪ್ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಹಿಡಿಯುತ್ತದೆ. ಹತ್ತು ಸುಗ್ಗಿಗಳ ಕಾಲಾವಕಾಶ! ಅದು ಆಗಾಗ ಜಿನುಗಿಸುವ ರಕ್ತ ಕಣ್ಣಿಗೆ ಕಾಣದು, ಆದರೆ ಫಿಟ್ ಎಂಬ ಪರೀಕ್ಷೆ ಚಿಟಿಕೆ ಮಲದಲ್ಲೇ ಅದನ್ನು ಪತ್ತೆಮಾಡುತ್ತದೆ. ಅದು ಹುಡುಕುವುದು ಮನುಷ್ಯರ ಹಿಮೋಗ್ಲೋಬಿನ್ ಮಾತ್ರ, ನಿನ್ನೆ ಜಾತ್ರೆಯಲ್ಲಿ ಕುರಿ ಊಟ ಹೊಡೆದಿದ್ದರೂ ಮೋಸಹೋಗದು. ರಕ್ತ ಸಿಕ್ಕರೆ ಕ್ಯಾಮೆರಾದ ನಳಿಕೆ ಕರುಳಿಗಿಳಿಸಿ ನೋಡುವ ಕೊಲೊನೋಸ್ಕೋಪಿ: ಪಾಲಿಪ್ ಕಂಡರೆ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಬರಲಿದ್ದ ಕ್ಯಾನ್ಸರು ಬರುವುದೇ ಇಲ್ಲ!

ನಮ್ಮಲ್ಲಿ ಮೂವತ್ತು ದಾಟಿದವರಿಗೆ ಸರ್ಕಾರ ಮಾಡುವ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನದು. ಕರುಳು ಆ ಪಟ್ಟಿಯಲ್ಲಿಲ್ಲ. ನಾವೋ, ಚರಿಗೆ ಹಿಡಿದು ಹೋದಾಗ ರಕ್ತ ಕಂಡರೂ ಮೂಲವ್ಯಾಧಿ ಇದ್ದೀತೆಂದು ಬಾಯಿ ಮುಚ್ಚುವವರು. ಹಾಗಾಗಿ ವಂಶದ ನೆನಪಿಗೆ ಇಲ್ಲಿ ಬೆಲೆ ಹೆಚ್ಚು. ಅಪ್ಪನಿಗೆ 48ಕ್ಕೆ ಕರುಳಿನ ಕ್ಯಾನ್ಸರ್ ಬಂದಿತ್ತೇ? ಮಗ 38ಕ್ಕೇ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು ಎನ್ನುತ್ತಾರೆ ವೈದ್ಯರು, ಹತ್ತು ವರ್ಷ ಮುಂಚೆ.

ಮುಂದಿನ ಸುಗ್ಗಿಗೆ ಹೆಳವ ಬಂದರೆ ಎರಡು ಸೇರು ಜೋಳ ಹೆಚ್ಚಿಗೆ ಅಳೆದು ಕೇಳುವವನಿದ್ದೇನೆ: "ಎಲ್ಲಾ ಹೇಳಿದಿ ಖರೆ. ನಮ್ಮಜ್ಜ ಯಾವ ಬ್ಯಾನಿಗೆ ಹ್ವಾದ, ಅದನ್ನ ಬರಕೊಂಡೀಯೇನಪಾ?"